ಬ್ರೂಕ್ ಆಸ್ಟರ್ ಅವರ ಕೊನೆಯ ಸಹಿಗಳು

2000ನೇ ಇಸವಿಯ ಡಿಸೆಂಬರ್ ಕೊನೆಯ ವಾರ. ನ್ಯೂಯಾರ್ಕಿನಲ್ಲಿ 76 ವರ್ಷದ ಒಬ್ಬ ಮಗ ತನ್ನ 98 ವರ್ಷದ ತಾಯಿಯ ಬಗ್ಗೆ ಡಾಕ್ಟರಿಗೆ ಒಂದು ಕಾಗದ ಬರೆದರು. ಅಮ್ಮನಿಗೆ ಮರೆವು ಬಂದಿದೆ, ಗಲಿಬಿಲಿ ಮಾಡಿಕೊಳ್ಳುತ್ತಾರೆ, ಕೆಲವೊಮ್ಮೆ ಇಲ್ಲದ್ದನ್ನು ಇದೆ ಅಂದುಕೊಳ್ಳುತ್ತಾರೆ ಅಂತ ಅದರ ಸಾರಾಂಶ. ತಾಯಿಯ ಮೇಲೆ ಕಾಳಜಿ ಇರುವ ಯಾವ ಮಗನಾದರೂ ಬರೆಯಬಹುದಾದ ಕಾಗದ. ಆ ತಾಯಿಗೆ ಆಲ್‌ಝೈಮರ್ ಕಾಯಿಲೆ ಇದೆ ಅಂತ ಡಾಕ್ಟರು ಹೇಳಿದರು.

ಒಂಬತ್ತು ವರ್ಷದ ನಂತರ ಅದೇ ಕಾಗದ ಮ್ಯಾನ್‌ಹಟನ್ನಿನ ಕೋರ್ಟಿನಲ್ಲಿ ಅದೇ ಮಗನ ವಿರುದ್ಧ ಸಾಕ್ಷಿಯಾಯಿತು. ಅಮ್ಮನ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತ ನಿಮಗೆ 2000ದಲ್ಲೇ ಗೊತ್ತಿತ್ತು. ಹಾಗಾದರೆ 2004ರಲ್ಲಿ ಅವರ ಕೈಯಲ್ಲಿ ಉಯಿಲು ತಿದ್ದಿಸಿದ್ದು ಹೇಗೆ? ಸರ್ಕಾರಿ ವಕೀಲರ ವಾದದ ತಿರುಳು ಈ ಒಂದು ಪ್ರಶ್ನೆಯಲ್ಲಿದೆ.

ತಾಯಿಯ ಹೆಸರು ಬ್ರೂಕ್ ಆಸ್ಟರ್. ಮಗ ಆಂಥನಿ ಮಾರ್ಷಲ್. ಅಮೆರಿಕದ ಹಳೇ ಶ್ರೀಮಂತ ಮನೆತನದ ಈ ಕಥೆಯನ್ನು ಆಗ ಪತ್ರಿಕೆಗಳು ರೋಚಕ ಸುದ್ದಿಯಾಗಿ ಬರೆದವು. ನನಗೆ ಇದು ಬೇರೆಯೇ ಕಾರಣಕ್ಕೆ ಮುಖ್ಯ ಅನ್ನಿಸುತ್ತದೆ. ವಯಸ್ಸಾದವರ ಆಸ್ತಿ ಕೈತಪ್ಪುವುದು ಬಾಗಿಲು ಮುರಿದು ಬರುವ ಕಳ್ಳರಿಂದ ಮಾತ್ರ ಅಲ್ಲ. ಅದು ಹಗಲು ಹೊತ್ತಿನಲ್ಲಿ, ವಕೀಲರ ಎದುರಿಗೆ, ಸಹಿ ಹಾಕಿದ ಕಾಗದಗಳ ಮೂಲಕ, ಮನೆಯವರ ಕೈಯಿಂದಲೇ ನಡೆಯಬಹುದು. ಇದನ್ನು ಬ್ರೂಕ್ ಅವರ ಪ್ರಕರಣದಷ್ಟು ವಿವರವಾಗಿ ತೋರಿಸುವ ದಾಖಲೆ ಅಪರೂಪ.

ಬ್ರೂಕ್ ಹುಟ್ಟಿದ್ದು 1902ರ ಮಾರ್ಚ್ 30ರಂದು, ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಪೋರ್ಟ್ಸ್‌ಮತ್‌ನಲ್ಲಿ. ಹುಟ್ಟಿನಿಂದ ದೊಡ್ಡ ಶ್ರೀಮಂತರೇನಲ್ಲ. ಅಪ್ಪ ಜಾನ್ ರಸೆಲ್ ಮರೀನ್ ಸೇನೆಯ ಅಧಿಕಾರಿ. ಮುಂದೆ ಆ ಸೇನೆಯ ಮುಖ್ಯಸ್ಥರೂ ಆದರು. ಅಪ್ಪನಿಗೆ ವರ್ಗವಾದಲ್ಲೆಲ್ಲ ಈ ಒಬ್ಬಳೇ ಮಗಳೂ ಹೋದಳು. ಹಾಗಾಗಿ ಬಾಲ್ಯದ ಕೆಲವು ವರ್ಷ ಚೀನಾದ ಪೀಕಿಂಗಿನಲ್ಲಿ ಕಳೆಯಿತು. ಅಲ್ಲಿನ ಅಂಗಳ, ತೋಟಗಳು ಅವರ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದಿದ್ದವು.

17ನೇ ವಯಸ್ಸಿಗೆ ಮದುವೆ. ಗಂಡ ಡ್ರೈಡನ್ ಕ್ಯೂಸರ್ ನ್ಯೂಜೆರ್ಸಿಯ ಸಿರಿವಂತ ಮನೆಯ ಹುಡುಗ. ಕುಡಿತ, ಹೊಡೆತ ಎರಡೂ ಇತ್ತು. ಬ್ರೂಕ್ ಆರು ತಿಂಗಳ ಬಸುರಿಯಾಗಿದ್ದಾಗ ಅವನು ಹೊಡೆದು ದವಡೆ ಮುರಿದ. ಆ ಹೊಟ್ಟೆಯಲ್ಲಿದ್ದ ಮಗುವೇ ಆಂಥನಿ, 1924ರ ಮೇ ತಿಂಗಳಲ್ಲಿ ಹುಟ್ಟಿದ. ಮುಂದೆ ಬರುವ ಕೋರ್ಟು ಕಚೇರಿಯ ಮಾತುಗಳಲ್ಲಿ ಈ ಆರಂಭವನ್ನು ಮರೆಯಬಾರದು ಅಂತ ನನಗನ್ನಿಸುತ್ತದೆ.

1930ರಲ್ಲಿ ವಿಚ್ಛೇದನ ಆಯಿತು. ಎರಡು ವರ್ಷದ ನಂತರ ಷೇರು ದಲ್ಲಾಳಿ ಚಾರ್ಲ್ಸ್ ಮಾರ್ಷಲ್ ಜೊತೆ ಮದುವೆ. ಬ್ರೂಕ್ ಅವರೇ ಹೇಳಿಕೊಂಡಂತೆ ಅವರ ಬದುಕಿನ ದೊಡ್ಡ ಪ್ರೀತಿ ಇವರು. ಮಗನೂ ದೊಡ್ಡವನಾದ ಮೇಲೆ ಹುಟ್ಟಿಸಿದ ಅಪ್ಪನ ಹೆಸರು ಬಿಟ್ಟು ಮಾರ್ಷಲ್ ಅಂತಲೇ ಹೆಸರಿಟ್ಟುಕೊಂಡರು. 1952ರಲ್ಲಿ ಚಾರ್ಲ್ಸ್ ತೀರಿಕೊಂಡರು. ಮರುವರ್ಷ, 51ನೇ ವಯಸ್ಸಿನಲ್ಲಿ, ಬ್ರೂಕ್ ಮೂರನೇ ಮದುವೆಯಾದರು. ಈ ಗಂಡ ವಿನ್ಸೆಂಟ್ ಆಸ್ಟರ್.

ಆಸ್ಟರ್ ಅಂದರೆ ನ್ಯೂಯಾರ್ಕಿನ ನೆಲಕ್ಕೇ ಅಂಟಿಕೊಂಡ ಹೆಸರು. ಜರ್ಮನಿಯಿಂದ ಬಂದ ಮೊದಲ ಜಾನ್ ಜೇಕಬ್ ಆಸ್ಟರ್ ತುಪ್ಪಳದ ಚರ್ಮದ ವ್ಯಾಪಾರದಲ್ಲಿ ಗಳಿಸಿದ್ದನ್ನು ಮ್ಯಾನ್‌ಹಟನ್ ಜಮೀನಿಗೆ ಹಾಕಿದ್ದರು. ಊರು ಬೆಳೆದ ಹಾಗೆ ಆಸ್ತಿಯೂ ಬೆಳೆಯಿತು. ವಿನ್ಸೆಂಟ್ ಅವರ ತಂದೆ 1912ರಲ್ಲಿ ಟೈಟಾನಿಕ್ ಹಡಗಿನ ಜೊತೆ ಮುಳುಗಿದಾಗ ಮಗನಿಗೆ 20 ವರ್ಷ. ಆ ವಯಸ್ಸಿಗೇ ಅಷ್ಟೂ ಹಣ ಕೈಗೆ ಬಂತು. ವಿನ್ಸೆಂಟ್‌ಗೆ ಮಕ್ಕಳಿರಲಿಲ್ಲ. 1959ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಬ್ರೂಕ್ ಪಾಲಿಗೆ ಸುಮಾರು 6 ಕೋಟಿ ಡಾಲರ್ ಬಂತು. ಹೆಚ್ಚುಕಮ್ಮಿ ಅಷ್ಟೇ ಮೊತ್ತ ವಿನ್ಸೆಂಟ್ ಆಸ್ಟರ್ ಫೌಂಡೇಷನ್ನಿಗೆ ಹೋಯಿತು. ಅದರ ಚುಕ್ಕಾಣಿಯೂ ಬ್ರೂಕ್ ಕೈಗೇ ಬಂತು.

ಅಲ್ಲಿಂದ ಮುಂದಿನ ಸುಮಾರು ನಾಲ್ಕು ದಶಕ ಅವರು ಮಾಡಿದ ಕೆಲಸಕ್ಕೆ ಕೈಮುಗಿಯಲೇಬೇಕು. ಫೌಂಡೇಷನ್ನಿಗೆ ಯಾರು ಅರ್ಜಿ ಹಾಕಿದರೂ ಖುದ್ದಾಗಿ ಹೋಗಿ ನೋಡಿ ಬರುತ್ತಿದ್ದರು. ಹಾರ್ಲೆಮ್, ಸೌತ್ ಬ್ರಾಂಕ್ಸ್‌ನಂಥ ಬಡ ಬಡಾವಣೆಗಳಿಗೂ ತಲೆಗೆ ಹ್ಯಾಟು, ಕೈಗೆ ಗ್ಲೌಸು, ಕೊರಳಿಗೆ ಮುತ್ತಿನ ಸರ ಹಾಕಿಕೊಂಡೇ ಹೋಗುತ್ತಿದ್ದರು. ಜನ ಮಿಸೆಸ್ ಆಸ್ಟರ್ ಬರುತ್ತಾರೆ ಅಂತ ಕಾಯುತ್ತಿರುತ್ತಾರೆ, ಅವರಿಗೆ ಕಡಿಮೆ ಮರ್ಯಾದೆ ಕೊಡಬಾರದು ಅನ್ನುವುದು ಅವರ ಲೆಕ್ಕ. ದುಡ್ಡು ಗೊಬ್ಬರ ಇದ್ದ ಹಾಗೆ, ಹರಡಿದರೇ ಉಪಯೋಗ ಅಂತ ಅವರು ಆಗಾಗ ಹೇಳುತ್ತಿದ್ದರು. ಮಾತಿನಂತೆಯೇ ನಡೆದರು. 1997ರಲ್ಲಿ ಫೌಂಡೇಷನ್ ಬಾಗಿಲು ಹಾಕುವ ಹೊತ್ತಿಗೆ ಸುಮಾರು 19.5 ಕೋಟಿ ಡಾಲರ್ ಹಂಚಿ ಆಗಿತ್ತು. ಅದರಲ್ಲಿ ಹೆಚ್ಚಿನದೆಲ್ಲ ನ್ಯೂಯಾರ್ಕಿಗೇ ಹೋಯಿತು, ಯಾಕೆಂದರೆ ಆಸ್ಟರ್ ಹಣ ಹುಟ್ಟಿದ್ದೇ ಆ ಊರಿನಲ್ಲಿ ಅಂತ ಅವರು ನಂಬಿದ್ದರು.

ಆ ಊರಿನ ಪಬ್ಲಿಕ್ ಲೈಬ್ರರಿಗೆ ಅವರಷ್ಟು ದುಡಿದವರು ಕಡಿಮೆ. ಇವತ್ತೂ ಲೈಬ್ರರಿಯ ಮುಖ್ಯ ಕಟ್ಟಡದ ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಆಸ್ಟರ್ ಹಾಲ್. ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನ ಒಳಗೆ ಮಿಂಗ್ ಕಾಲದ ಶೈಲಿಯ ಒಂದು ಚೀನೀ ಅಂಗಳ ಇದೆ. ಚೀನಾದ ಸೂಝೌ ಊರಿನ ಕುಶಲಕರ್ಮಿಗಳು ಬಂದು ಕಟ್ಟಿದ್ದು. 1981ರಲ್ಲಿ ತೆರೆದ ಆ ಆಸ್ಟರ್ ಕೋರ್ಟ್ ಹಿಂದೆ ಇದ್ದದ್ದು ಪೀಕಿಂಗಿನಲ್ಲಿ ಆಡಿ ಬೆಳೆದ ಆ ಹುಡುಗಿಯ ನೆನಪು. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರಿಗೆ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಕೊಟ್ಟರು. 2002ರಲ್ಲಿ ನೂರು ತುಂಬಿದಾಗ ಡೇವಿಡ್ ರಾಕ್‌ಫೆಲರ್ ತಮ್ಮ ಮನೆತನದ ಎಸ್ಟೇಟಿನಲ್ಲಿ ನೂರು ಜನರನ್ನು ಕರೆದು ಔತಣ ಇಟ್ಟರು.

ಮಗ ಆಂಥನಿಯೂ ಸುಮ್ನೆ ಕೂತು ತಿಂದವರಲ್ಲ. ಎರಡನೇ ಮಹಾಯುದ್ಧದಲ್ಲಿ ಮರೀನ್ ಸೈನಿಕ. ಇವೊ ಜಿಮಾದಲ್ಲಿ ಗಾಯಗೊಂಡವರು. ಸಿಐಎಯಲ್ಲಿ ಕೆಲಸ ಮಾಡಿದವರು. ಮಡಗಾಸ್ಕರ್, ಟ್ರಿನಿಡಾಡ್, ಕೀನ್ಯಾ ದೇಶಗಳಿಗೆ ಅಮೆರಿಕದ ರಾಯಭಾರಿಯಾಗಿದ್ದವರು. ಕೊನೆಕೊನೆಗೆ ಬ್ರಾಡ್ವೇ ನಾಟಕಗಳ ನಿರ್ಮಾಪಕರಾಗಿ ಟೋನಿ ಪ್ರಶಸ್ತಿಯನ್ನೂ ಪಡೆದರು. ಆದರೆ ಊರ ತುಂಬ ಅವರಿಗಿದ್ದ ಗುರುತು ಮಿಸೆಸ್ ಆಸ್ಟರ್ ಮಗ ಅಂತಲೇ. ಅಮ್ಮ ಊರಿಗೆಲ್ಲ ಪ್ರೀತಿ ಹಂಚಿದರೂ ಮಗನ ವಿಷಯದಲ್ಲಿ ದೂರವೇ ಇದ್ದರು ಅಂತ ಹತ್ತಿರದವರೇ ಹೇಳುತ್ತಾರೆ. ಚಿಕ್ಕಂದಿನಲ್ಲೇ ಬೋರ್ಡಿಂಗ್ ಸ್ಕೂಲು. ಪ್ರತಿ ಸಲ ಹೊಸ ಗಂಡ ಬಂದಾಗ ಮಗ ಇನ್ನೊಂದಿಷ್ಟು ಬದಿಗೆ. 1980ರ ಹೊತ್ತಿನಿಂದ ತಾಯಿಯ ಹಣಕಾಸು ನೋಡಿಕೊಳ್ಳುವ ಕೆಲಸ ಮಗನ ಕೈಗೆ ಬಂತು. ಸಂಬಳ ತೆಗೆದುಕೊಂಡು ಅಮ್ಮನ ಲೆಕ್ಕ ಬರೆಯುವ ಮಗ! ಆ ಮನೆಯ ಸಂಬಂಧ ಎಂಥದ್ದು ಅಂತ ಇದರಲ್ಲೇ ತಿಳಿಯುತ್ತದೆ.

ಸಮಸ್ಯೆಯ ಬೀಜ ಉಯಿಲಿನಲ್ಲಿತ್ತು. 2002ರ ಜನವರಿಯ ಉಯಿಲಿನ ಪ್ರಕಾರ ಮಗನಿಗೆ ಏನೂ ಕಡಿಮೆ ಆಗಿರಲಿಲ್ಲ. ಅವರು ಬದುಕಿರುವವರೆಗೆ ಟ್ರಸ್ಟಿನಿಂದ ವರ್ಷವರ್ಷ ಹಣ ಬರುತ್ತಿತ್ತು. ಆದರೆ ಅಸಲು ಅವರದಲ್ಲ. ಅವರ ನಂತರ ಅದು ಲೈಬ್ರರಿ, ಮ್ಯೂಸಿಯಂ ಇಂಥವಕ್ಕೆ ಸೇರಬೇಕು. 2003ರಲ್ಲಿ ಆಂಥನಿಗೆ 79 ವರ್ಷ, ಹೃದಯದ ತೊಂದರೆ ಬೇರೆ. ಅಮ್ಮನಿಗಿಂತ ಮೊದಲು ತಾನೇ ಹೋಗಿಬಿಟ್ಟರೆ? ಆಗ ಹೆಂಡತಿ ಷಾರ್ಲೀನ್‌ಗೆ ಉಳಿಯುವುದು ಏನು? ಬ್ರೂಕ್‌ಗೆ ಈ ಸೊಸೆ ಕಂಡರೆ ಆಗುತ್ತಿರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಸರ್ಕಾರಿ ವಕೀಲರು ಕೋರ್ಟಿನಲ್ಲಿ ಮುಂದಿಟ್ಟ ಉದ್ದೇಶ ಇದೇ. ಹೆಂಡತಿಯ ಮುಂದಿನ ಬದುಕಿಗೆ ದಾರಿ ಮಾಡುವುದು. ಇದು ರಾಕ್ಷಸನ ಆಸೆ ಅಂತ ಅನ್ನಿಸುವುದಿಲ್ಲ. ತೀರಾ ಮಾಮೂಲಿ ಆಸೆ. ಇಂಥ ಪ್ರಕರಣಗಳಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಈ ಮಾಮೂಲಿತನವೇ.

ಮುಂದಿನದ್ದು ಒಂದರ ಹಿಂದೆ ಒಂದು. 2003ರ ಡಿಸೆಂಬರ್‌ನಲ್ಲಿ ಉಯಿಲಿಗೆ ಮೊದಲ ತಿದ್ದುಪಡಿ. ಅದನ್ನು ಬರೆದದ್ದು ಕುಟುಂಬದ ಹಳೆಯ ವಕೀಲರು. ಸ್ವಲ್ಪ ದಿನದಲ್ಲೇ ಅವರನ್ನು ಕೈಬಿಟ್ಟಾಯಿತು. ಹೊಸ ವಕೀಲ ಫ್ರಾನ್ಸಿಸ್ ಮಾರಿಸ್ಸಿ ಬಂದರು. 2004ರ ಜನವರಿ 12ರಂದು ಎರಡನೇ ತಿದ್ದುಪಡಿ. ದಾನಕ್ಕೆ ಅಂತ ಇಟ್ಟಿದ್ದ ಸುಮಾರು 6 ಕೋಟಿ ಡಾಲರ್ ನೇರವಾಗಿ ಮಗನ ಪಾಲಿಗೆ ತಿರುಗಿದ್ದು ಇದರಲ್ಲೇ. ಮಾರ್ಚ್ 3ಕ್ಕೆ ಮೂರನೆಯದು. ಅದರ ಕೆಳಗಿದ್ದ ಸಹಿ ಬ್ರೂಕ್ ಅವರದ್ದೇ ಅಲ್ಲ ಅಂತ ಕೈಬರಹದ ತಜ್ಞರು ಹೇಳಿದರು.

ಒಂದು ಕ್ಷಣ ಆ ಜನವರಿ 12ನ್ನು ಕಣ್ಣಮುಂದೆ ತಂದುಕೊಳ್ಳಿ. ಪಾರ್ಕ್ ಅವೆನ್ಯೂ 778ರ ಮನೆ. 101 ವರ್ಷದ ಹೆಂಗಸು. ಆಲ್‌ಝೈಮರ್ ಅಂತ ಗೊತ್ತಾಗಿ ಮೂರು ವರ್ಷ ಕಳೆದಿದೆ. ಎದುರಿಗೆ ಸೂಟು ಹಾಕಿದ ಗಂಡಸರು, ಒಂದು ಕಾಗದ, ಒಂದು ಪೆನ್ನು. ಅಮ್ಮ ಅವತ್ತು ಚೆನ್ನಾಗೇ ಇದ್ದರು, ತಿಳಿದೇ ಸಹಿ ಹಾಕಿದರು ಅಂತ ಮಗನ ಕಡೆಯ ವಾದ. ಇದನ್ನು ಸುಳ್ಳು ಅಂತ ತಳ್ಳಿಹಾಕುವುದು ಸುಲಭವಲ್ಲ. ಈ ಕಾಯಿಲೆ ಇರುವವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಕೆಲವು ಗಳಿಗೆ ಮೋಡ ಸರಿದ ಹಾಗೆ ಎಲ್ಲ ತಿಳಿಯಾಗುತ್ತದೆ. ಕಾನೂನೂ ಇದನ್ನು ಒಪ್ಪುತ್ತದೆ. ಉಯಿಲು ಬರೆಯಲು ಬೇಕಾದ ತಿಳಿವಳಿಕೆಯ ಮಟ್ಟ ಬಹಳ ಕೆಳಗಿನದು. ತನ್ನ ಆಸ್ತಿ ಏನು, ತನ್ನವರು ಯಾರು, ಯಾರಿಗೆ ಏನು ಕೊಡುತ್ತಿದ್ದೇನೆ ಅಂತ ಆ ಹೊತ್ತಿಗೆ ಗೊತ್ತಿದ್ದರೆ ಸಾಕು. ಮರೆವಿನ ಕಾಯಿಲೆ ಇದ್ದ ಮಾತ್ರಕ್ಕೆ ಉಯಿಲು ರದ್ದಾಗುವುದಿಲ್ಲ. ಆಗಲೂ ಬಾರದು. ವಯಸ್ಸಾದವರ ಇಷ್ಟಕ್ಕೆ ಬೆಲೆಯೇ ಇಲ್ಲದಂತೆ ಮಾಡುವುದು ಇನ್ನೊಂದು ಅನ್ಯಾಯ.

ಹಾಗಾಗಿಯೇ ಕೋರ್ಟು ಸಹಿಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವುದಿಲ್ಲ. ಸುತ್ತಮುತ್ತ ಏನು ನಡೆಯಿತು ಅಂತ ನೋಡುತ್ತದೆ. ಹಳೆಯ ವಕೀಲರನ್ನು ಬಿಡಿಸಿದ್ದು ಯಾರು? ಹೊಸಬರನ್ನು ಕರೆತಂದದ್ದು ಯಾರು? ಹತ್ತಾರು ವರ್ಷದಿಂದ ಒಂದೇ ರೀತಿ ಇದ್ದ ಇಷ್ಟ ಇದ್ದಕ್ಕಿದ್ದ ಹಾಗೆ ಬದಲಾಗಿ, ಬದಲಾವಣೆಯ ಲಾಭವೆಲ್ಲ ಪಕ್ಕದಲ್ಲಿ ನಿಂತವರಿಗೇ ಹೋಯಿತಾ? ಗೆಳೆಯರ ಓಡಾಟ ಕಡಿಮೆಯಾಯಿತಾ? ಹಳೆಯ ಕೆಲಸದವರು ಹೊರಟುಹೋದರಾ? ಬ್ರೂಕ್ ಮನೆಯಲ್ಲಿ ಈ ಪ್ರಶ್ನೆಗಳಿಗೆ ಬಂದ ಉತ್ತರಗಳೆಲ್ಲ ಒಂದೇ ದಿಕ್ಕಿಗೆ ಬೆರಳು ತೋರಿಸಿದವು.

ಒಂದು ಚಿತ್ರದ ಕಥೆಯನ್ನೂ ಹೇಳಬೇಕು. ಚೈಲ್ಡ್ ಹ್ಯಾಸಮ್ ಅನ್ನುವ ಕಲಾವಿದ ಬರೆದ, ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ಬಾವುಟಗಳು ಹಾರಾಡುವ ಚಿತ್ರ. ಬ್ರೂಕ್‌ಗೆ ಅದು ತುಂಬಾ ಇಷ್ಟ. ತಮ್ಮ ನಂತರ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿಗೆ ಕೊಡುವುದಾಗಿ ಹೇಳಿದ್ದರು. 2002ರಲ್ಲಿ ಅದು 1 ಕೋಟಿ ಡಾಲರಿಗೆ ಮಾರಾಟವಾಯಿತು. ಮಾರಿಸಿಕೊಟ್ಟದ್ದಕ್ಕೆ ಮಗ 20 ಲಕ್ಷ ಡಾಲರ್ ಕಮಿಷನ್ ತೆಗೆದುಕೊಂಡರು. ಆಮೇಲೆ ಅದೇ ಚಿತ್ರ ಅದರ ಎರಡರಷ್ಟು ಬೆಲೆಗೆ ಕೈ ಬದಲಾಯಿಸಿತು. ಬ್ರೂಕ್‌ಗೆ ತಮ್ಮ ಹತ್ತಿರ ದುಡ್ಡು ಮುಗಿಯುತ್ತಾ ಬಂದಿದೆ ಅನ್ನುವ ಭಯ ಹುಟ್ಟಿತ್ತು ಅಂತ ಹತ್ತಿರದವರು ಸಾಕ್ಷಿ ಹೇಳಿದರು. ಹತ್ತು ಕೋಟಿ ಡಾಲರಿಗೂ ಮೇಲ್ಪಟ್ಟ ಆಸ್ತಿ ಇದ್ದ ಅಜ್ಜಿಗೆ, ಹೊಸ ಬಟ್ಟೆ ಕೊಳ್ಳಬಹುದೋ ಇಲ್ಲವೋ ಅನ್ನುವ ಚಿಂತೆ. ಈ ಮಾತು ಓದಿದಾಗ ನನಗೆ ಹೊಟ್ಟೆ ಚುರುಕ್ ಅಂತು.

ಈ ವಿಷಯ ಹೊರಗೆ ಬಂದದ್ದು ಹೇಗೆ? ಬ್ಯಾಂಕಿನವರು ಹೇಳಲಿಲ್ಲ. ದೊಡ್ಡ ಗೆಳೆಯರೂ ಮೊದಲು ಹೇಳಲಿಲ್ಲ. ಹೇಳಿದ್ದು ಹಗಲು ರಾತ್ರಿ ಮಂಚದ ಪಕ್ಕ ಇರುತ್ತಿದ್ದ ನರ್ಸುಗಳು, ಹಳೆಯ ಬಟ್ಲರ್, ಮನೆಕೆಲಸದವರು. ನರ್ಸುಗಳು ದಿನದಿನವೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಊಟ ಮಾಡಿದರಾ, ನಿದ್ದೆ ಬಂತಾ, ಹೆದರಿಕೊಂಡರಾ, ಯಾರು ಬಂದರು, ಯಾರು ಹೋದರು. ಕೋರ್ಟಿನಲ್ಲಿ ಆ ಸಾದಾ ಟಿಪ್ಪಣಿಗಳಿಗೆ ದೊಡ್ಡ ತೂಕ ಬಂತು.

ಇವರ ಮಾತು ಆಂಥನಿಯ ಮಗ ಫಿಲಿಪ್ ಮಾರ್ಷಲ್ ಕಿವಿಗೆ ಬಿತ್ತು. ಫಿಲಿಪ್ ರೋಡ್ ಐಲೆಂಡ್ ರಾಜ್ಯದ ರೋಜರ್ ವಿಲಿಯಮ್ಸ್ ವಿಶ್ವವಿದ್ಯಾಲಯದಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆ ಕಲಿಸುತ್ತಿದ್ದ ಪ್ರೊಫೆಸರ್. 2006ರ ಜುಲೈನಲ್ಲಿ ಅವರು ಕೋರ್ಟಿಗೆ ಹೋದರು. ಕೇಳಿದ್ದು ಒಂದೇ: ಅಜ್ಜಿಗೆ ಗಾರ್ಡಿಯನ್ ಆಗಿ, ಅಂದರೆ ಅವರ ಪರವಾಗಿ ಎಲ್ಲ ನೋಡಿಕೊಳ್ಳುವ ಪಾಲಕರಾಗಿ, ಅಪ್ಪ ಬೇಡ, ಬೇರೆಯವರನ್ನು ನೇಮಿಸಿ. ಅರ್ಜಿಗೆ ಡೇವಿಡ್ ರಾಕ್‌ಫೆಲರ್, ಅಮೆರಿಕದ ಮಾಜಿ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್, ಬ್ರೂಕ್ ಗೆಳತಿ ಆನೆಟ್ ಡಿ ಲಾ ರೆಂಟಾ ಅವರ ಬೆಂಬಲದ ಹೇಳಿಕೆಗಳೂ ಇದ್ದವು. ಅಜ್ಜಿ ಹರಿದ ನೈಟಿಯಲ್ಲಿ ಇರುತ್ತಾರೆ, ಮೂತ್ರದ ವಾಸನೆ ಬರುವ ಸೋಫಾ ಮೇಲೆ ಮಲಗುತ್ತಾರೆ, ಮುದ್ದಿನ ಎರಡು ನಾಯಿಗಳನ್ನು ಉಗ್ರಾಣದಲ್ಲಿ ಕೂಡಿಹಾಕಿದ್ದಾರೆ, ಅವರಿಗೆ ಪ್ರೀತಿಯ ಹಾಲಿ ಹಿಲ್ ತೋಟದ ಮನೆಯನ್ನು ಮುಚ್ಚಿದ್ದಾರೆ ಅಂತೆಲ್ಲ ಅದರಲ್ಲಿತ್ತು. ಪತ್ರಿಕೆಗಳ ಮುಖಪುಟ ತುಂಬಿಹೋಯಿತು.

ಇಲ್ಲಿ ಒಂದು ಮಾತನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು, ಮಗ ಸೊಸೆ ಬೇಕಂತಲೇ ಕಿರುಕುಳ ಕೊಟ್ಟರು ಅನ್ನುವುದಕ್ಕೆ, ಆರೈಕೆಯಲ್ಲಿ ಲೋಪ ಮಾಡಿದರು ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ ಅಂತ ಬರೆದರು. ಅಂದರೆ ಜನರ ಮನಸ್ಸಿನಲ್ಲಿ ಅಚ್ಚೊತ್ತಿದ ಆ ಸೋಫಾ ಕೋರ್ಟಿನಲ್ಲಿ ನಿಲ್ಲಲಿಲ್ಲ. ನಿಂತದ್ದು ಕಾಗದಗಳು. ಗಾರ್ಡಿಯನ್‌ಷಿಪ್ ಕೇಸಿನಲ್ಲಿ ಲೆಕ್ಕಪತ್ರಗಳು ತೆರೆದುಕೊಂಡ ಮೇಲೆಯೇ ಮೂರನೇ ತಿದ್ದುಪಡಿಯ ಸಹಿಯ ಬಗ್ಗೆ ಅನುಮಾನ ಬಂದು, ವಿಷಯ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಕ್ರಿಮಿನಲ್ ಕೇಸು ನಡೆಸುವ ಸರ್ಕಾರಿ ವಕೀಲರ ಕಚೇರಿಗೆ ಹೋದದ್ದು. ಕಣ್ಣಿಗೆ ಕಾಣುವ ಕೊಳಕಿಗಿಂತ ಕಡತದೊಳಗಿನ ನಯವಾದ ಭಾಷೆ ಅಪಾಯ ಅಂತ ನಾನು ಹೇಳುವುದು ಇದಕ್ಕೇ. ಹರಿದ ನೈಟಿ ಕಂಡರೆ ನೆರೆಯವರಾದರೂ ಕೇಳುತ್ತಾರೆ. ನೋಟರಿ ಮುದ್ರೆ ಇರುವ ಪತ್ರ ಕಂಡರೆ ಯಾರೂ ಕೇಳುವುದಿಲ್ಲ, ಅಲ್ವಾ?

2009ರ ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಕಿಸಿಂಜರ್ ಬಂದರು, ಟಿವಿಯ ಬಾರ್ಬರಾ ವಾಲ್ಟರ್ಸ್ ಬಂದರು, ಮ್ಯೂಸಿಯಮ್ಮಿನ ಮಾಜಿ ಮುಖ್ಯಸ್ಥರು ಬಂದರು, ನರ್ಸುಗಳು ಬಂದರು. ಅಕ್ಟೋಬರ್ 8ರಂದು ಜ್ಯೂರಿ ಆಂಥನಿ ಮೇಲಿದ್ದ 16 ಆರೋಪಗಳಲ್ಲಿ 14ನ್ನು ಎತ್ತಿಹಿಡಿಯಿತು. ಅದರಲ್ಲಿ ತೀರಾ ಗಂಭೀರವಾದದ್ದು ಯಾವುದು ಗೊತ್ತಾ? ಉಯಿಲಿನದ್ದಲ್ಲ. ತಾಯಿಯ ಹಣಕಾಸು ನೋಡಿಕೊಂಡದ್ದಕ್ಕೆ ತಾವೇ ತಮಗೆ ಹಿಂದಿನ ದಿನಾಂಕದಿಂದ ಸುಮಾರು 10 ಲಕ್ಷ ಡಾಲರ್ ಸಂಬಳ ಏರಿಸಿಕೊಂಡದ್ದು. ನ್ಯೂಯಾರ್ಕ್ ಕಾನೂನಿನಲ್ಲಿ ಅದು ಮೊದಲ ದರ್ಜೆಯ ಕಳವು. ಜೈಲು ತಪ್ಪುವುದಿಲ್ಲ. ಒಂದರಿಂದ ಮೂರು ವರ್ಷ ಶಿಕ್ಷೆ ಆಯಿತು. ಮಾರಿಸ್ಸಿಗೂ ಫೋರ್ಜರಿ ಸೇರಿ ಹಲವು ಆರೋಪಗಳಲ್ಲಿ ಶಿಕ್ಷೆಯಾಯಿತು.

ಆ ಸಂಬಳ ಏರಿಕೆಗೆ ಆಂಥನಿ ಕೈಯಲ್ಲಿ ಇದ್ದ ಅಧಿಕಾರ ಪವರ್ ಆಫ್ ಅಟಾರ್ನಿ. ನಮ್ಮಲ್ಲಿ ಜಿಪಿಎ ಅಂತ ಎಲ್ಲರ ಬಾಯಲ್ಲೂ ಇರುವ ಪತ್ರವೇ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೆ ಮುಗಿದ ಹಾಗೆ. ಅಮೆರಿಕದಲ್ಲಿ ಡ್ಯೂರಬಲ್ ಅನ್ನುವ ಬಗೆಯ ಪತ್ರ ಇದೆ. ಕೊಟ್ಟವರಿಗೆ ಮರೆವು ಬಂದ ಮೇಲೂ ಅದು ನಡೆಯುತ್ತದೆ. ಅದನ್ನು ಮಾಡಿರುವುದೇ ಆ ದಿನಕ್ಕಾಗಿ. ಒಳ್ಳೆಯ ಮಗನ ಕೈಯಲ್ಲಿದ್ದರೆ ಅದರಷ್ಟು ಉಪಕಾರ ಇನ್ನೊಂದಿಲ್ಲ. ಆಸ್ಪತ್ರೆ ಬಿಲ್ಲು, ತೆರಿಗೆ, ಮನೆಯ ಖರ್ಚು ಎಲ್ಲ ಕೋರ್ಟಿಗೆ ಅಲೆಯದೆ ನಡೆದುಹೋಗುತ್ತದೆ. ಆದರೆ ಕೊಟ್ಟವರಿಗೆ ಲೆಕ್ಕ ಕೇಳುವ ಶಕ್ತಿ ಹೋದ ದಿನವೇ ತೆಗೆದುಕೊಂಡವರ ಅಧಿಕಾರ ಪೂರ್ತಿ ಆಗುತ್ತದೆ. ಮಧ್ಯೆ ಇನ್ನೊಬ್ಬರು ಇಲ್ಲದಿದ್ದರೆ ಕೇಳುವವರೇ ಇಲ್ಲ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳವರೂ, ಅಲ್ಲಿ ಮಕ್ಕಳ ಜೊತೆ ಇರುವ ಅಪ್ಪ ಅಮ್ಮಂದಿರೂ ಇಂಥ ಪತ್ರಕ್ಕೆ ಸಹಿ ಹಾಕುವ ಮುಂಚೆ ಈ ಒಂದು ವ್ಯತ್ಯಾಸವನ್ನು ತಿಳಿದಿರಬೇಕು.

ಅಪರಿಚಿತರಿಂದ ಹುಷಾರಾಗಿರಿ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ನೋಡಿದರೆ ಬೇರೆಯದೇ ಕಾಣುತ್ತದೆ. ಎಎಆರ್‌ಪಿ ಅನ್ನುವ ಅಮೆರಿಕದ ಹಿರಿಯರ ಸಂಘಟನೆ 2023ರಲ್ಲಿ ಮಾಡಿದ ಅಂದಾಜಿನಂತೆ, 60 ದಾಟಿದ ಅಮೆರಿಕನ್ನರು ಇಂಥ ಶೋಷಣೆಯಲ್ಲಿ ವರ್ಷಕ್ಕೆ 2,830 ಕೋಟಿ ಡಾಲರ್ ಕಳೆದುಕೊಳ್ಳುತ್ತಾರೆ. ಅದರಲ್ಲಿ 2,030 ಕೋಟಿ ಹೋಗುವುದು ಗುರುತು ಪರಿಚಯ ಇರುವವರ ಕೈಗೆ. ಮನೆಯವರು, ಗೆಳೆಯರು, ನೋಡಿಕೊಳ್ಳುವವರು. ಅಂಥ ಪ್ರಕರಣಗಳಲ್ಲಿ ದೂರು ಕೊಡುವವರೂ ತೀರಾ ಕಡಿಮೆ. ಯಾರು ತಾನೇ ಹೆತ್ತ ಮಗನ ಮೇಲೆ ಪೊಲೀಸಿಗೆ ಹೋಗುತ್ತಾರೆ? ಮನೆ ಮರ್ಯಾದೆ ಒಂದು ಕಡೆ. ಇದ್ದೊಬ್ಬ ಮಗನೂ ದೂರ ಆದರೆ ಗತಿ ಏನು ಅನ್ನುವ ಭಯ ಇನ್ನೊಂದು ಕಡೆ.

ಮನೆಯವರೇ ಇಲ್ಲದಿದ್ದರೆ ಕ್ಷೇಮವೇ? ಹಾಗೂ ಇಲ್ಲ. ನ್ಯೂಯಾರ್ಕಿನದ್ದೇ ಇನ್ನೊಬ್ಬ ಸಿರಿವಂತೆ ಹ್ಯುಗೆಟ್ ಕ್ಲಾರ್ಕ್. ತಾಮ್ರದ ಗಣಿಗಳ ದೊರೆ, ಸೆನೆಟರ್ ಆಗಿದ್ದ ವಿಲಿಯಂ ಕ್ಲಾರ್ಕ್ ಅವರ ಮಗಳು. ಮಕ್ಕಳಿಲ್ಲ. ಅರಮನೆಯಂಥ ಮನೆಗಳು ಖಾಲಿ ಬಿದ್ದಿದ್ದವು. ಅವರು ಬದುಕಿನ ಕೊನೆಯ 20 ವರ್ಷ ಆಸ್ಪತ್ರೆಯ ರೂಮಿನಲ್ಲೇ ಕಳೆದರು, ಇರಲೇಬೇಕಾದಂಥ ಕಾಯಿಲೆ ಇಲ್ಲದಿದ್ದರೂ. 2011ರಲ್ಲಿ 104ನೇ ವಯಸ್ಸಿಗೆ ತೀರಿಕೊಂಡಾಗ ಸುಮಾರು 30 ಕೋಟಿ ಡಾಲರ್ ಆಸ್ತಿ ಬಿಟ್ಟುಹೋದರು. ವರ್ಷಗಟ್ಟಲೆ ಜೊತೆಗಿದ್ದ ನರ್ಸಿಗೆ, ಅವರ ಮನೆಯವರಿಗೆ ಬದುಕಿದ್ದಾಗಲೇ ಸುಮಾರು 3.1 ಕೋಟಿ ಡಾಲರ್ ಉಡುಗೊರೆ ಹೋಗಿತ್ತು. ಇದು ಶೋಷಣೆಯಾ, ಇಲ್ಲ ಒಂಟಿ ಹೆಂಗಸು ತನ್ನ ಒಬ್ಬಳೇ ಗೆಳತಿಗೆ ಮನಸಾರೆ ಕೊಟ್ಟಿದ್ದಾ? ಹ್ಯುಗೆಟ್‌ಗೆ ಮರೆವಿನ ಕಾಯಿಲೆ ಇತ್ತು ಅಂತ ಯಾರೂ ತೋರಿಸಲಿಲ್ಲ. 2013ರಲ್ಲಿ ರಾಜಿಯಾಗಿ ನರ್ಸ್ 50 ಲಕ್ಷ ಡಾಲರ್ ಹಿಂದಿರುಗಿಸಿದರು. ಬ್ರೂಕ್ ಪ್ರಕರಣದಲ್ಲಿ ನರ್ಸುಗಳು ಕಾವಲಾದರು, ಇಲ್ಲಿ ನರ್ಸೇ ಪ್ರಶ್ನೆಯಾದರು. ಕೆಲಸದವರು ಒಳ್ಳೆಯವರು, ಮನೆಯವರು ಕೆಟ್ಟವರು ಅಂತ ಸುಲಭದ ಗೆರೆ ಎಳೆಯಲು ಆಗುವುದಿಲ್ಲ.

ಗಾರ್ಡಿಯನ್‌ಷಿಪ್ಪೂ ಎಲ್ಲ ರೋಗಕ್ಕೆ ಮದ್ದಲ್ಲ. ಕೋರ್ಟು ಗಾರ್ಡಿಯನ್ ನೇಮಿಸಿತು ಅಂದರೆ ಆ ವ್ಯಕ್ತಿಯ ಎಷ್ಟೋ ಹಕ್ಕು ಇನ್ನೊಬ್ಬರ ಕೈಗೆ ಹೋದ ಹಾಗೆ. ಎಲ್ಲಿ ಇರಬೇಕು, ಯಾರನ್ನು ನೋಡಬೇಕು, ಏನು ಖರ್ಚು ಮಾಡಬೇಕು, ಎಲ್ಲ. ನೆವಾಡಾ ರಾಜ್ಯದಲ್ಲಿ ಇದನ್ನೇ ವೃತ್ತಿ ಮಾಡಿಕೊಂಡಿದ್ದ ಒಬ್ಬ ಗಾರ್ಡಿಯನ್ ಹಿರಿಯರ ಆಸ್ತಿಯನ್ನೇ ದೋಚಿ 2019ರಲ್ಲಿ ಜೈಲಿಗೆ ಹೋದರು. ಬ್ರೂಕ್ ವಿಷಯದಲ್ಲಿ ಅದು ಕೆಲಸ ಮಾಡಿತು. ಯಾಕೆಂದರೆ ಬ್ರೂಕ್‌ರನ್ನು ನೋಡಿಕೊಳ್ಳುವ ಜವಾಬ್ದಾರಿ ಗೆಳತಿ ಆನೆಟ್‌ಗೆ, ಹಣದ ಜವಾಬ್ದಾರಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿಗೆ ಅಂತ ಕೋರ್ಟು ಬೇರೆಬೇರೆ ಮಾಡಿಕೊಟ್ಟಿತು. ಮಂಚದ ಪಕ್ಕ ಕೂರುವವರ ಕೈಗೆ ಚೆಕ್ ಪುಸ್ತಕ ಇಲ್ಲ. ಚೆಕ್ ಪುಸ್ತಕ ಇರುವವರಿಗೆ ಪ್ರತಿ ಕಾಸಿಗೂ ಲೆಕ್ಕ ಕೊಡುವ ಹೊಣೆ. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ ತೀರ್ಮಾನ ಇದು. ಕೋಟ್ಯಧಿಪತಿ ಆಗಿರಬೇಕಾಗಿಲ್ಲ, ಒಂದು ಪಿಂಚಣಿ, ಒಂದು ಸೈಟು ಇರುವ ಮನೆಯಲ್ಲೂ ಇದನ್ನು ಮಾಡಬಹುದು. ಒಬ್ಬ ಮಗ ಲೆಕ್ಕ ಬರೆದರೆ ಇನ್ನೊಬ್ಬ ಮಗಳು ತಿಂಗಳಿಗೊಮ್ಮೆ ನೋಡಲಿ.

ಅಮೆರಿಕದಲ್ಲಿ ಆಮೇಲೆ ಕಾನೂನು ಸ್ವಲ್ಪ ಮುಂದೆ ಬಂದಿದೆ. 2010ರಲ್ಲಿ ಹಿರಿಯರ ಮೇಲಿನ ದೌರ್ಜನ್ಯ, ಶೋಷಣೆ ತಡೆಯುವ ಎಲ್ಡರ್ ಜಸ್ಟಿಸ್ ಆಕ್ಟ್ ಬಂತು. 2018ರಿಂದ, ವಯಸ್ಸಾದ ಗ್ರಾಹಕರ ಖಾತೆಯಿಂದ ಹಣ ಹೋಗುವ ರೀತಿ ಅನುಮಾನ ತಂದರೆ ಷೇರು ದಲ್ಲಾಳಿ ಸಂಸ್ಥೆಗಳು ಅದನ್ನು ಕೆಲವು ದಿನ ತಡೆಹಿಡಿಯಬಹುದು. ನಂಬಿಕಸ್ಥರು ಒಬ್ಬರ ಹೆಸರು ಕೊಡಿ ಅಂತ ಗ್ರಾಹಕರನ್ನು ಕೇಳಬೇಕು. ಅದೇ ವರ್ಷದ ಇನ್ನೊಂದು ಕಾಯ್ದೆ, ಒಳ್ಳೆಯ ಮನಸ್ಸಿನಿಂದ ದೂರು ಕೊಟ್ಟ, ತರಬೇತಿ ಪಡೆದ ಬ್ಯಾಂಕ್ ನೌಕರರಿಗೆ ಕೇಸಿನಿಂದ ರಕ್ಷಣೆ ಕೊಡುತ್ತದೆ. ಫಿಲಿಪ್ ಮಾರ್ಷಲ್ 2015ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅಜ್ಜಿಯ ವಿಷಯ ಹೇಳಿದರು. ಹಿರಿಯರ ಪರವಾಗಿ ದನಿ ಎತ್ತುವುದನ್ನೇ ಕೆಲಸ ಮಾಡಿಕೊಂಡರು. ಅಪ್ಪನನ್ನು ಜೈಲಿಗೆ ಕಳಿಸಬೇಕು ಅಂತ ಅವರು ಹೊರಟವರಲ್ಲ. ಆದರೆ ಕೊನೆಗೆ ಆದದ್ದು ಅದೇ. ಅಜ್ಜಿಯ ಕಡೆ ನಿಂತದ್ದಕ್ಕೆ ಅಪ್ಪನನ್ನು ಕಳೆದುಕೊಂಡ ಮಗನ ಸಂಕಟ ಸಣ್ಣದಲ್ಲ.

ಆಂಥನಿ ಮೇಲ್ಮನವಿಗಳಲ್ಲಿ ಸೋತು 2013ರ ಜೂನ್‌ನಲ್ಲಿ ಜೈಲು ಸೇರಿದಾಗ 89 ವರ್ಷ. ಎಂಟೇ ವಾರಕ್ಕೆ ಅನಾರೋಗ್ಯದ ಕಾರಣ ಪೆರೋಲ್ ಸಿಕ್ಕಿತು. 2014ರ ನವೆಂಬರ್‌ನಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, 2012ರಲ್ಲಿ ಆಸ್ತಿಯ ವ್ಯಾಜ್ಯ ರಾಜಿಯಲ್ಲಿ ಮುಗಿದು, ಅವರ ಪಾಲು 1.45 ಕೋಟಿ ಡಾಲರಿಗೆ ಇಳಿದಿತ್ತು. ಮಿಕ್ಕದ್ದರಲ್ಲಿ ಹೆಚ್ಚಿನದು ಲೈಬ್ರರಿಗೆ, ಮ್ಯೂಸಿಯಮ್ಮಿಗೆ, ಶಾಲೆಗಳಿಗೆ, ಉದ್ಯಾನಗಳಿಗೆ ಹೋಯಿತು. ಬ್ರೂಕ್ ಬಯಸಿದ್ದೂ ಹೆಚ್ಚುಕಮ್ಮಿ ಅದನ್ನೇ. ಇದೆಲ್ಲ ನೋಡಲು ಅವರಿರಲಿಲ್ಲ.

ಫಿಲಿಪ್ ಕೋರ್ಟಿಗೆ ಹೋಗಿದ್ದರಿಂದ ಅವರ ಅಜ್ಜಿಗೆ ಸಿಕ್ಕಿದ್ದು ಒಂದು ವರ್ಷ. 2006ರ ಬೇಸಿಗೆಯಲ್ಲಿ ಆನೆಟ್ ಅವರನ್ನು ಪಾರ್ಕ್ ಅವೆನ್ಯೂನಿಂದ ಹಾಲಿ ಹಿಲ್‌ಗೆ ಕರೆದುಕೊಂಡು ಹೋದರು. ಮುಚ್ಚಿದ್ದ ಮನೆ ತೆರೆಯಿತು. ಕೆಲಸ ಬಿಡಿಸಿದ್ದ ಹಳೆಯ ಬಟ್ಲರನ್ನು ವಾಪಸ್ ಕರೆಸಿದರು. ಮರಗಳ ಮಧ್ಯದ ಆ ಮನೆಯಲ್ಲೇ, 2007ರ ಆಗಸ್ಟ್ 13ರಂದು, 105ನೇ ವಯಸ್ಸಿನಲ್ಲಿ ಬ್ರೂಕ್ ಆಸ್ಟರ್ ಕಣ್ಣು ಮುಚ್ಚಿದರು.